ಬಾವೀನ ಉಜ್ರಿ

ಯುದ್ಧದ ದಿನಗಳಲ್ಲಿ ಸೊಕ್ಕೆ ಎಂಬ ಊರಿನ ಸುತ್ತಲ ಶಾಲೆಗಳಿಗೆ ಹಲ್ಲುಪುಡಿ ಹಂಚುವ ಸರ್ಕಾರಿ ಕೆಲಸ ನನ್ನದು. ಒಂದು ಹಳ್ಳಿಯಲ್ಲಿ ಮಕ್ಕಳೆಲ್ಲರ ಹಲ್ಲಿನ ಮೇಲೂ ಕಂದು ಗೆರೆಗಳಿದ್ದವು. ಆಗ ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಕೊಳಕು ಮಕ್ಕಳು ಎಂದು ರೇಗಿ, ಎಂಟು ವರ್ಷದ ಒಬ್ಬ ಹುಡುಗಿಯನ್ನು ಮುಂದೆ ಕೂರಿಸಿಕೊಂಡು ನಾನೇ ಹಲ್ಲು ತಿಕ್ಕಿದೆ. ಗೆರೆ ಹೋಗಲಿಲ್ಲ, ವಸಡಿನಲ್ಲಿ ರಕ್ತ ಬಂತು. ಅವಳು ಅಳಲೂ ಇಲ್ಲ.

ನೆಟ್ಟಗೆ ನಿಲ್ಲಲಾಗದ ಅವಳ ಅಜ್ಜಿ ಗೋಡೆ ಹಿಡಿದು ಹತ್ತಿರ ಬಂದು ಬಾಯಿ ತೆರೆದಳು. ಅಲ್ಲೂ ಅವೇ ಗೆರೆಗಳು.

“ಬುದ್ಧಿ ಬಂದಾಗಿಂದ ಬೇವಿನಕಡ್ಡೀಲಿ ಉಜ್ಜೀನಿ ಸ್ವಾಮಿ. ಬೇರೆ ಊರಿಂದ ಬಂದ ಸೊಸೇರ ಹಲ್ಲು ಬೆಳ್ಳಗೈತೆ, ಇಲ್ಲೇ ಹುಟ್ಟಿದೋರಿಗೆ ಹಿಂಗೆ. ಉಜ್ಜಾಕೆ ಬಂದಿದ್ರೆ ನಾವು ನೀರು ಕುಡಿಯೋ ಆ ಬಾವೀನ ಉಜ್ರಿ.”

ಮುದುಕಿಯ ಮಾತೆಂದು ನಕ್ಕು, ವರದಿಯಲ್ಲಿ ‘ಶುಚಿತ್ವದ ಕೊರತೆ’ ಎಂದು ಬರೆದೆ. ಹಲ್ಲನ್ನೂ ಬೆನ್ನನ್ನೂ ತಿನ್ನುವ ಫ್ಲೋರೈಡ್ ಎಂಬ ವಿಷ ಅಂಥ ಬಾವಿಗಳ ನೀರಲ್ಲೇ ಇರುತ್ತದೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಹೊರಡುವಾಗ ಹುಡುಗಿಯ ತಲೆ ಸವರಿ, “ಚೆನ್ನಾಗಿ ನೀರು ಕುಡೀಬೇಕಮ್ಮ” ಎಂದಿದ್ದೆ. ನನ್ನ ಉಪದೇಶವನ್ನು ಆ ತಾಲ್ಲೂಕಿನಲ್ಲಿ ಪಾಲಿಸಿದವಳು ಅವಳೊಬ್ಬಳೇ. ಅಲ್ಲೇ ನಿಂತು ಆ ಬಾವಿಯ ನೀರನ್ನು ಒಂದು ಚೊಂಬು ಪೂರ್ತಿ ಕುಡಿದಳು.