ಮೂರನೆಯ ಸಲ ಯಾರೂ ಕೇಳಲಿಲ್ಲ

ಆರ್ಡಿಸ್ ಟೊಲೆಫ್ಸನ್ ಬರೆದದ್ದನ್ನು ಕತ್ತರಿಸಿ ಅಂಟಿಸದ ಫ್ರಿಜ್ ಗ್ರಾನೈಟ್ ಬೇ ಊರಿನಲ್ಲಿ ಒಂದೂ ಇರಲಿಕ್ಕಿಲ್ಲ. ನಮ್ಮ ವಾರಪತ್ರಿಕೆಯಲ್ಲಿ ಹಳೆಯ ದೋಣಿಗಳ ಜಾಹೀರಾತಿನ ಪಕ್ಕ ಅವಳ ‘ಒಳ್ಳೆಯ ಬದುಕು’ ಅಂಕಣ ಬರುತ್ತಿತ್ತು. ಎದ್ದೊಡನೆ ಬಿಸಿನೀರಿಗೆ ನಿಂಬೆ ಹಿಂಡಿ ಕುಡಿದರೆ ಏನಾಗುತ್ತದೆ, ಉಣ್ಣೆಯ ಕಾಲುಚೀಲಗಳಲ್ಲಿ ತನಗೆ ಯಾವುದು ಅಚ್ಚುಮೆಚ್ಚು, ಸರೋವರದ ದಂಡೆಯಲ್ಲಿ ಹಿಮದ ಮೇಲೆ ನಡೆಯುವಾಗ ಉಸಿರು ಹೇಗಿರಬೇಕು, ಮಧ್ಯಾಹ್ನ ಕಳೆದ ಮೇಲೆ ಕಾಫಿ ಯಾಕೆ ಮುಟ್ಟಬಾರದು, ಎಲ್ಲ ಅದರಲ್ಲಿರುತ್ತಿತ್ತು. ಓದಿದವರು ಅದನ್ನೆಲ್ಲ ಮಾಡುತ್ತಿದ್ದರು ಎಂದಲ್ಲ. ಮಾಡುವವಳು ಒಬ್ಬಳಾದರೂ ಊರಿನಲ್ಲಿದ್ದಾಳಲ್ಲ ಎಂಬ ಸಮಾಧಾನಕ್ಕೆ ಓದುತ್ತಿದ್ದರು.

ಈ ಚಳಿಗಾಲದಲ್ಲಿ ಅವಳು ಅದನ್ನು ಬರೆಯುತ್ತಿದ್ದುದು ಸಂಜೆ ನಾಲ್ಕಕ್ಕೆ, ಕತ್ತಲಾಗುವ ಹೊತ್ತಿಗೆ, ಕರೀ ಕಾಫಿ ಹೀರುತ್ತ. ಶಾಸ್ತ್ರ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂದು ನಗುವವರು ನಗಲಿ. ವರ್ಷಗಟ್ಟಲೆ ಅವಳು ಬರೆದದ್ದನ್ನೆಲ್ಲ ಮಾಡಿದವಳೇ. ಮೊನ್ನೆ ಅಕ್ಟೋಬರಿನಲ್ಲಿ ಗಂಡ ವೆಂಡೆಲ್‌ಗೆ ಪಾರ್ಶ್ವವಾಯು ಬಡಿಯಿತು ನೋಡಿ, ಅಂದಿನಿಂದ ಅವಳ ಕೈಕಾಲು ಅವಳದಾಗಿ ಉಳಿಯಲಿಲ್ಲ.

ಹಡಗಿಗೆ ಅದಿರು ತುಂಬುವ ಕಟ್ಟೆಯಲ್ಲಿ ಆಯುಷ್ಯ ಕಳೆದ ಆಳು ವೆಂಡೆಲ್. ಆರಡಿಯ ಮೇಲೆ ಎತ್ತರ, ಅದಕ್ಕೆ ತಕ್ಕ ಭಾರ. ಬಲಗೈ, ಬಲಗಾಲು ಕೈಕೊಟ್ಟವು. ಮಾತೂ ಹೋಯಿತು. ಬಾಯಿ ತುಂಬ ಸ್ಪಷ್ಟವಾಗಿ ಬರುತ್ತಿದ್ದುದು ಒಂದೇ ಮಾತು: “ಹಾಳಾಗ್ಹೋಗ್ಲಿ!” ಆಯುಷ್ಯದಲ್ಲಿ ಯಾರಿಗೂ ಬೈಯದವನು, ಈಗ ಗಂಜಿ ಬಂದರೂ ಅದೇ, ಪಾದ್ರಿ ಬಂದರೂ ಅದೇ. ಆರ್ಡಿಸ್ ಅವನನ್ನು ಎಬ್ಬಿಸಬೇಕು, ಕೂರಿಸಬೇಕು, ಒರೆಸಬೇಕು, ರಾತ್ರಿ ಮಗ್ಗುಲು ಬದಲಿಸಬೇಕು. ಕಣ್ಣಿಗೆ ಕಣ್ಣು ಹತ್ತುವಷ್ಟರಲ್ಲಿ ಅವನು ಗೋಡೆಗೆ ಗುದ್ದುತ್ತಿದ್ದ. ಅವಳಿಗೆ ಸಾಕುಬೇಕಾಗಿ ಹೋಗಿತ್ತು. ಆದರೂ ಅಂಗಡಿಯಲ್ಲಿ ಯಾರಾದರೂ “ಹೆಂಗಿದ್ದೀರಿ?” ಎಂದರೆ “ಅಷ್ಟೇನೂ ಕಷ್ಟ ಇಲ್ಲ” ಎನ್ನುತ್ತಿದ್ದಳು. ನಮ್ಮ ಕಡೆ ಮನೆಗೆ ಬೆಂಕಿ ಬಿದ್ದವರೂ ಹೇಳುವುದು ಅದನ್ನೇ.

ಉಪಚಾರದ ವಿಷಯದಲ್ಲೂ ನಮ್ಮ ಕಡೆಯವರದು ವಿಚಿತ್ರ ಬಿಗುಮಾನ. ಯಾರಾದರೂ ಏನನ್ನಾದರೂ ಕೊಡುತ್ತೇನೆ ಎಂದರೆ ಮೊದಲ ಸಲ ಬೇಡ ಎನ್ನಬೇಕು. ಎರಡನೆಯ ಸಲವೂ ಬೇಡ ಎನ್ನಬೇಕು. ಮೂರನೆಯ ಸಲ ಕೇಳಿದಾಗ ಮಾತ್ರ, ಅದೂ ಅವರ ಬಲವಂತಕ್ಕೆ ಎಂಬಂತೆ, ಆಗಲಿ ಎನ್ನಬೇಕು. ಮೊದಲ ಮಾತಿಗೇ ಹೂಂ ಅನ್ನುವವರನ್ನು ನಾವು ಷಿಕಾಗೋದಿಂದ ಬಂದವರು ಅಂದುಕೊಳ್ಳುತ್ತೇವೆ.

ನವೆಂಬರಿನ ಒಂದು ದಿನ ಎದುರು ಮನೆಯ ಫಿಲಿಸ್ ಮಾಕಿ ರಸ್ತೆ ದಾಟಿ ಬಂದಳು. ಅವಳ ಗಂಡ ಟಾಯ್ವೋ ಬಹಳ ಕಾಲ ಹಾಸಿಗೆ ಹಿಡಿದು ತೀರಿಕೊಂಡಿದ್ದ. ಈಗ ಒಬ್ಬಳೇ ಇದ್ದಳು. ಬಾಗಿಲಲ್ಲೇ ನಿಂತು ಹೇಳಿದಳು:

“ಗುರುವಾರ ಗುರುವಾರ ನಾನು ಬಂದು ವೆಂಡೆಲ್ ಹತ್ರ ಕೂತ್ಕೋತೀನಿ ಕಣೇ. ನೀನು ಒಂಚೂರು ಹೊರಗೆ ಹೋಗ್ಬಾ.”

“ಅಯ್ಯೋ, ನಿಂಗ್ಯಾಕೆ ತೊಂದ್ರೆ? ಹೆಂಗೋ ನಡ್ಕೊಂಡು ಹೋಗ್ತಿದೆ.”

“ತೊಂದ್ರೆ ಏನ್ ಬಂತು? ನಾನೇನು ಮನೇಲಿ ದೊಡ್ಡ ರಾಜ್ಯಭಾರ ಮಾಡ್ತಿದ್ದೀನಾ?”

“ಬೇಡ ಬಿಡೇ, ಪರವಾಗಿಲ್ಲ.”

ಆರ್ಡಿಸ್ ಕಾದಳು. ಗುರುವಾರ ಅವನಿಗೆ ಯಾವ ಹೊತ್ತಿಗೆ ಏನು ಕೊಡಬೇಕು ಎಂಬುದನ್ನೂ ಮನಸ್ಸಿನಲ್ಲೇ ಹೇಳಿಕೊಂಡಳು. ಫಿಲಿಸ್ ಕೈಗವಸು ಎಳೆದು ಸರಿಮಾಡಿಕೊಂಡಳು.

“ಹೌದು ಬಿಡಮ್ಮ, ನಿಂದೆಲ್ಲ ಅಚ್ಚುಕಟ್ಟು. ಪೇಪರ್ರಲ್ಲಿ ಓದ್ತಾನೇ ಇರ್ತೀನಲ್ಲ” ಎಂದು ಹೇಳಿ ರಸ್ತೆ ದಾಟಿ ಹೋದಳು.

ಬಾಗಿಲು ತೆರೆದೇ ಇತ್ತು. ಒಳಗಿನ ಬಿಸಿಯೆಲ್ಲ ಹೊರಗೆ ಹೋಗುವವರೆಗೂ ಆರ್ಡಿಸ್ ಅಲ್ಲೇ ನಿಂತಿದ್ದಳು. ಆ ವಾರದ ಅಂಕಣದಲ್ಲಿ ಅವಳು ಬರೆದದ್ದು ದಿನಕ್ಕೆ ಎಂಟು ಗಂಟೆ ನಿದ್ದೆಯ ಬಗ್ಗೆ. ಬಾಯಲ್ಲಿ ನೀರೂರುವಂತೆ ಬರೆದಿದ್ದಳು. ಹಸಿದವರೇ ಅಲ್ಲವೇ ಊಟದ ಬಗ್ಗೆ ಚೆನ್ನಾಗಿ ಮಾತಾಡುವುದು.

ಉಳಿದವರೂ ಹಾಗೇ. ಒಬ್ಬರು ಒಂದು ಸಲ ಕೇಳಿದರು, ಇನ್ನೊಬ್ಬರು ಎರಡು ಸಲ. ಮೂರನೆಯ ಸಲ ಯಾರೂ ಕೇಳಲಿಲ್ಲ. ಅವಳ ಬರಹವೇ ಅವಳ ಬಾಗಿಲಿಗೆ ಅಗುಳಿ ಹಾಕಿತ್ತು. ತೆಗೆಯೋಣವೆಂದರೆ ಬಾಯಿ ಬರುತ್ತಿರಲಿಲ್ಲ. ಗಂಡನ ಸ್ಥಿತಿ ಬರೆದರೆ ಕರುಣೆಗೆ ಕೈಚಾಚಿದಂತೆ ಎಂಬ ನಾಚಿಕೆ. ಊರಿಗೆಲ್ಲ ಆರೋಗ್ಯ ಹೇಳಿದವಳ ಮನೆಯಲ್ಲೇ ಹೀಗಾಯಿತಲ್ಲ ಎಂಬ ನಾಚಿಕೆ ಅದಕ್ಕಿಂತ ಹೆಚ್ಚು. ಸಂಪಾದಕರು ಫೋನ್ ಮಾಡಿ, “ಹೊಸ ವರ್ಷಕ್ಕೆ ನಿಮ್ಮ ಅಚ್ಚುಮೆಚ್ಚಿನ ಅಭ್ಯಾಸಗಳು ಅಂತ ಒಂದು ಬರ್ಕೊಡಿ, ಜನ ಕೇಳ್ತಿದಾರೆ” ಎಂದಾಗ ಆಗಲಿ ಎಂದಳು. ಆಗ ಅವಳಿಗೆ ನಿಜವಾಗಿ ಅಚ್ಚುಮೆಚ್ಚಾಗಿದ್ದ ಅಭ್ಯಾಸ ಒಂದೇ: ಸಾಮಾನಿನ ಅಂಗಡಿಯ ಮುಂದೆ ಕಾರು ನಿಲ್ಲಿಸಿ, ಹೀಟರ್ ಹಾಕಿಕೊಂಡು, ಸೀಟಿಗೆ ಒರಗಿ ಕಣ್ಣು ಮುಚ್ಚುವುದು. ಅದನ್ನು ಬರೆಯಲಿಲ್ಲ. ಶುಂಠಿ ಕಷಾಯದ ಬಗ್ಗೆ ಬರೆದಳು.

ಜನವರಿಯಲ್ಲಿ ಒಂದು ದಿನ ಹಾಗೆ ಮುಚ್ಚಿದ ಕಣ್ಣು ಬೇಗ ತೆರೆಯಲಿಲ್ಲ. ಎಚ್ಚರವಾದಾಗ ಕಾರಿನ ಗಾಜಿನ ಮೇಲೆ ಹಿಮ ಕೂತಿತ್ತು. ಮನೆಗೆ ಓಡಿಬಂದರೆ ವೆಂಡೆಲ್ ಒಬ್ಬನೇ ಗೋಡೆ ಹಿಡಿದು ಹೋಗಿ ಬಚ್ಚಲಿನ ನೆಲದ ಮೇಲೆ ಬಿದ್ದಿದ್ದ. ಒದ್ದೆಯಾಗಿದ್ದ, ಹಣೆ ಊದಿತ್ತು. ಎಷ್ಟು ಹೊತ್ತಾಗಿತ್ತೋ. ಅವಳನ್ನು ಕಂಡು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವಳ ಕೋಟಿನ ತುದಿಯನ್ನು ಎಡಗೈಯಲ್ಲಿ ಹಿಡಿದುಕೊಂಡು ಮಗುವಿನಂತೆ ಅತ್ತ.

ಮನೆ ಮನೆ ತಿರುಗುವ ನರ್ಸ್ ಜನೆಲ್ ಓವರ್ಬಿ ಹಣೆಗೆ ಪಟ್ಟಿ ಹಾಕಿ, ಆರ್ಡಿಸಳನ್ನು ಅಡುಗೆಮನೆಗೆ ಕರೆದಳು.

“ನಿಮ್ಮನ್ನ ಬೈಯೋಕೆ ಹೇಳ್ತಿಲ್ಲ. ಆದ್ರೆ ಇನ್ನೊಂದ್ಸಲ ಬಿದ್ರೆ ಸೊಂಟ ಮುರಿಯತ್ತೆ. ನಿಮ್ಮೊಬ್ರ ಕೈಲಿ ಆಗೋ ಕೆಲ್ಸ ಅಲ್ಲ ಇದು. ವಾರಕ್ಕೆ ಒಂದ್ ದಿನಾನಾದ್ರೂ ಬಂದು ಕೂರೋರು ಯಾರಾದ್ರೂ ಇದಾರಾ?”

“ಇದಾರೆ. ಬೇಕಾದಷ್ಟು ಜನ.”

“ಹಂಗಾದ್ರೆ ಬರೋ ಶುಕ್ರವಾರದೊಳಗೆ ಯಾರು ಬರ್ತಾರೆ ಅಂತ ಹೇಳಿ. ಇಲ್ಲಾಂದ್ರೆ ದುಲೂತ್ ಪಟ್ಟಣದ ಆರೈಕೆಮನೇಲಿ ಇವ್ರಿಗೊಂದು ಹಾಸಿಗೆ ಹೇಳ್ಬೇಕಾಗತ್ತೆ. ನಂಗೂ ಇಷ್ಟ ಇಲ್ಲ ಅಮ್ಮ.”

ಒಳಗಿನ ಕೋಣೆಯಿಂದ ವೆಂಡೆಲ್ “ಹಾಳಾಗ್ಹೋಗ್ಲಿ!” ಎಂದ. ಕಿವಿ ಮಾತ್ರ ಅವನದು ಚುರುಕಾಗಿಯೇ ಇತ್ತು.

ಭಾನುವಾರ ಅವನನ್ನು ಗಾಲಿಕುರ್ಚಿಯಲ್ಲಿ ಚರ್ಚಿಗೆ ಕರೆದೊಯ್ದಳು. ಪ್ರಾರ್ಥನೆ ಮುಗಿದ ಮೇಲೆ ನೆಲಮಾಳಿಗೆಯಲ್ಲಿ ಎಲ್ಲರಿಗೂ ಕಾಫಿ. ಇವತ್ತು ಬಾಯಿಬಿಟ್ಟು ಕೇಳಿಯೇ ಕೇಳುತ್ತೇನೆ ಎಂದು ದಾರಿಯುದ್ದಕ್ಕೂ ಅಂದುಕೊಂಡಿದ್ದಳು. ಅಲ್ಲಿಗೆ ಹೋದರೆ ಬಾಯಿಗೆ ಬಂದದ್ದು, “ಈ ಸಲ ಚಳಿಗಾಲ ಸ್ವಲ್ಪ ಉದ್ದವಾಯ್ತು ಅಲ್ವಾ?” ಎಲ್ಲರೂ ಹೌದೆಂದರು. ಇನ್ನೊಬ್ಬಳ ಹತ್ತಿರ, “ನಿದ್ದೆ ಒಂಚೂರು ಕಮ್ಮಿಯಾಗಿದೆ” ಎಂದಳು. “ನಿಮ್ಮ ಶುಂಠಿ ಕಷಾಯ ಕುಡೀರಿ ಮತ್ತೆ!” ಎಂದು ಆಕೆ ನಕ್ಕಳು. ಆರ್ಡಿಸಳೂ ನಕ್ಕಳು. ನಗುವುದಕ್ಕೂ ಮೈಯಲ್ಲಿ ತ್ರಾಣ ಬೇಕು, ಅದು ಆಗ ಅವಳಿಗೆ ತಿಳಿಯಿತು.

ಫಿಲಿಸ್ ತೊಳೆಯುವ ತೊಟ್ಟಿಯ ಹತ್ತಿರ ಬಟ್ಟಲು ಒರೆಸುತ್ತಿದ್ದಳು. ಆರ್ಡಿಸ್ ಕೋಟು ಹಾಕಿಕೊಳ್ಳುವುದನ್ನು ನೋಡಿ, ಎಲ್ಲರೂ ಎಲ್ಲರಿಗೂ ಹೊರಡುವಾಗ ಹೇಳುವುದನ್ನೇ ಹೇಳಿದಳು.

“ಏನಾದ್ರೂ ಬೇಕಿದ್ರೆ ಹೇಳೇ.”

“ಬೇಕು” ಎಂದಳು ಆರ್ಡಿಸ್.

ಫಿಲಿಸಳ ಕೈ ನಿಂತಿತು.

“ಏನು?”

“ಗುರುವಾರ ನೀನು ಬರ್ಬೇಕು. ನನ್ ಕೈಲಿ ಆಗ್ತಿಲ್ಲ ಕಣೇ. ಶುಕ್ರವಾರದೊಳಗೆ ಯಾರೂ ಸಿಗ್ಲಿಲ್ಲ ಅಂದ್ರೆ ಅವರನ್ನ ದುಲೂತಿಗೆ ಕರ್ಕೊಂಡು ಹೋಗ್ತಾರೆ.”

ಯಾರೋ ಸಕ್ಕರೆಯ ಡಬ್ಬಿಯನ್ನು ನೋಡತೊಡಗಿದರು. ಒಂದು ಸಲವೂ ಬೇಡ ಎನ್ನದೆ ಬೇಕು ಎನ್ನುವುದನ್ನು ಆ ಗೋಡೆಗಳು ಕೇಳಿರಲಿಲ್ಲ. ಫಿಲಿಸಳ ಮುಖ ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವಳಂತಾಯಿತು.

“ಗುರುವಾರ... ನೋಡೋಣ” ಎಂದಷ್ಟೇ ಹೇಳಿ ಮತ್ತೆ ಬಟ್ಟಲು ಒರೆಸಿದಳು.

ಬುಧವಾರದವರೆಗೂ ಎದುರು ಮನೆಯಿಂದ ಮಾತಿಲ್ಲ, ಕಥೆಯಿಲ್ಲ. ಆರ್ಡಿಸಳಿಗೆ ನಾಚಿಕೆಯಿಂದ ಮೈ ಹಿಡಿಯಾಗಿತ್ತು. ಗುರುವಾರ ಊಟದ ಹೊತ್ತು ಮೀರಿತು. ಅವಳು ವೆಂಡೆಲ್‌ನ ಅಂಗಿಗಳನ್ನು ಮಡಿಸತೊಡಗಿದಳು. ದುಲೂತಿಗೆ ಎಷ್ಟು ಬೇಕಾದೀತು ಎಂಬ ಅಂದಾಜು ತನ್ನಷ್ಟಕ್ಕೇ ಕೈಗೆ ಬಂದುಬಿಟ್ಟಿತ್ತು. ಆಗ ಬಾಗಿಲು ಬಡಿದ ಸದ್ದಾಯಿತು. ಫಿಲಿಸ್ ನಿಂತಿದ್ದಳು, ಒಂದು ಕೈಯಲ್ಲಿ ಹೆಣಿಗೆ ಚೀಲ, ಇನ್ನೊಂದರಲ್ಲಿ ಆಲೂಗಡ್ಡೆ, ಮಾಂಸ ಹಾಕಿ ಬೇಯಿಸಿದ ಗಾಜಿನ ಪಾತ್ರೆ.

“ಉಪ್ಪು, ಬೆಣ್ಣೆ ಎಲ್ಲಾ ಇದೆ. ನೀನು ಪೇಪರ್ರಲ್ಲಿ ಬೇಡ ಅಂದಿದ್ದೆಲ್ಲ ಇದೆ” ಎನ್ನುತ್ತ ಒಳಗೆ ಬಂದು ವೆಂಡೆಲ್‌ನ ಪಕ್ಕ ಕೂತಳು. ಅವನು ಬೈದ. “ನೀನೂ ಹಾಳಾಗ್ಹೋಗು” ಎಂದಳು. ಅವನ ಎಡಗಡೆಯ ತುಟಿ ನಕ್ಕಿತು.

ಆರ್ಡಿಸಳ ಕಣ್ಣು ತುಂಬಿತು. ನೀನು ಬರಬೇಕಾಗಿರಲಿಲ್ಲ, ನಾನು ಹಾಗೆ ಎಲ್ಲರ ಮುಂದೆ ಕೇಳಬಾರದಿತ್ತು, ನಿನಗೆ ಎಷ್ಟು ಕೆಲಸವಿತ್ತೋ ಎಂದು ಶುರುಮಾಡಿದಳು. ಫಿಲಿಸ್ ಹೆಣಿಗೆಯಿಂದ ತಲೆ ಎತ್ತದೆ ಕೇಳಿದಳು:

“ಟಾಯ್ವೋ ಮಲಗಿದ್ನಲ್ಲ ಆವಾಗ, ನೀನು ಎಷ್ಟು ಸಲ ಕೇಳ್ದೆ ಹೇಳು?”

ಆರ್ಡಿಸಳಿಗೆ ಕೇಳಿದ್ದು ನೆನಪಿತ್ತು. ಕೇಳಿದೆನಲ್ಲ ಎಂದು ಸಮಾಧಾನ ಪಟ್ಟುಕೊಂಡದ್ದೂ ನೆನಪಿತ್ತು.

“ಎರಡು” ಎಂದಳು ಫಿಲಿಸ್. ದನಿಯಲ್ಲಿ ಕೋಪವಿರಲಿಲ್ಲ. “ಹೋಗು, ಮಲ್ಕೋ ಹೋಗು. ನಾನಿದೀನಿ.”

ಆರ್ಡಿಸ್ ಮೇಲೆ ಹೋಗಿ ಬೂಟೂ ಬಿಚ್ಚದೆ ಹಾಸಿಗೆಯ ಮೇಲೆ ಉರುಳಿದಳು. ಇಷ್ಟು ತಿಂಗಳು ಹಂಬಲಿಸಿದ ನಿದ್ದೆ ಹತ್ತಿರ ಸುಳಿಯಲಿಲ್ಲ. ಟಾಯ್ವೋನ ಕೊನೆಯ ಚಳಿಗಾಲದಲ್ಲಿ ಎದುರು ಮನೆಯ ಅಡುಗೆಮನೆಯ ದೀಪ ಬೆಳಗಿನ ಜಾವದವರೆಗೂ ಉರಿಯುತ್ತಿತ್ತು. ಅವಳು ಅದನ್ನು ಈ ಕೋಣೆಯ ಕಿಟಕಿಯಿಂದ ಎಷ್ಟೋ ಸಲ ಕಂಡಿದ್ದಳು. ಕಂಡು, ರಾತ್ರಿ ಬೇಗ ದೀಪ ಆರಿಸಿದರೆ ಆರೋಗ್ಯಕ್ಕೆ ಎಷ್ಟು ಒಳ್ಳೆಯದು ಎಂದು ಬರೆದಿದ್ದಳು.