ಬುತ್ತಿ ಡಬ್ಬಿಯಲ್ಲಿ ಬಂದ ಮೋಡೆಮ್ ಡ್ರೈವರ್

ಲಕ್ಷ್ಮೇಶ್ವರದ ನಮ್ಮ ಮನೆಯಲ್ಲಿ ಆ ವರ್ಷ ಇಬ್ಬರು ಮಾತು ಬಿಟ್ಟು ಕುಳಿತಿದ್ದರು. ಒಬ್ಬ ಅಪ್ಪ. ಇನ್ನೊಂದು ಕಂಪ್ಯೂಟರಿನ ಹೊಟ್ಟೆಯೊಳಗಿದ್ದ ಮೋಡೆಮ್. ಫೋನಿನ ತಂತಿಯ ಮೇಲೆ ಇಂಟರ್ನೆಟ್ ತರುವುದು ಅದರ ಕೆಲಸ. ಇಬ್ಬರನ್ನೂ ಮಾತಾಡಿಸುವ ಕರ್ಮ ನನ್ನ ಪಾಲಿಗೆ ಬಂದಿತ್ತು. ಮೋಡೆಮ್ ಸಲೀಸು ಅಂದುಕೊಂಡು ಮೊದಲು ಅದಕ್ಕೇ ಕೈ ಹಾಕಿದೆ.

ಅಪ್ಪನ ಸಿಟ್ಟು ಅಕ್ಕನ ಮೇಲೆ. ಮುಳಗುಂದದ ವರನನ್ನು ಅವಳು ಒಲ್ಲೆ ಎಂದಿದ್ದಳು. ಅವನಿಗೆ ಕಿರಾಣಿ ಅಂಗಡಿ, ಹೊಲ, ಎಲ್ಲವೂ ಇತ್ತು. ಮದುವೆಯಾದ ಮೇಲೆ ನೌಕರಿ ಮಾಡಬಹುದೇ ಎಂದು ಅಕ್ಕ ಕೇಳಿದರೆ ಆ ಪುಣ್ಯಾತ್ಮ ತನ್ನ ಅವ್ವನ ಮುಖ ನೋಡಿದನಂತೆ. ಅಷ್ಟಕ್ಕೇ ಅಕ್ಕ ಗದಗಿನ ಒಂದು ಇಂಟರ್ನೆಟ್ ಸೆಂಟರಿನಲ್ಲಿ ಕೆಲಸ ಹಿಡಿದು, ಬೆಟಗೇರಿಯಲ್ಲಿ ಗೆಳತಿಯ ಜೊತೆ ಖೋಲಿ ಮಾಡಿಕೊಂಡಳು.

"ಬೇಕಾದ್ರ ಅಕಿನ ಫೋನ್ ಮಾಡ್ಲಿ," ಎಂದ ಅಪ್ಪ.

"ಅಪ್ಪನ ಮಾಡ್ಲಿ," ಎಂದಳು ಅಕ್ಕ.

ಅಪ್ಪ ತನ್ನ ಅಂಗಡಿಗೆ ಹೋದದ್ದೇ ತಡ, ನಾನೂ ಅವ್ವನೂ ಅವಳಿಗೆ ಫೋನ್ ಹಚ್ಚುತ್ತಿದ್ದೆವು. ಅವ್ವ ದಿನಾ ಮುಂಜಾನೆ ಗದಗಿನ ಬಸ್ಸಿಗೆ ಬುತ್ತಿ ಇಡುತ್ತಿದ್ದಳು. ಹಾಸ್ಟೆಲ್ ಹುಡುಗರ ಡಬ್ಬಿಗಳ ನಡುವೆ ಅಕ್ಕನದೂ ಒಂದು ಹೋಗಿ, ಸಂಜೆಗೆ ಖಾಲಿಯಾಗಿ ಮರಳುತ್ತಿತ್ತು. "ಡಬ್ಬಿ ಖಾಲಿ ಬಂತೇನು?" ಇಷ್ಟನ್ನೇ ಅಪ್ಪ ದಿನಾ ಕೇಳುತ್ತಿದ್ದ. ಮಗಳು ಉಂಡಳೇ ಎಂದು ನೇರವಾಗಿ ಕೇಳಿದರೆ ಮೀಸೆ ಮಣ್ಣಾಗುತ್ತಿತ್ತಲ್ಲ.

ಇತ್ತ ಕಂಪ್ಯೂಟರನ್ನು ನಡೆಸುತ್ತಿದ್ದ ವ್ಯವಸ್ಥೆಯ ಕಳ್ಳಪ್ರತಿ ವೈರಸ್ ಬಡಿದು ಸತ್ತಿತ್ತು. ಅಕ್ಕ ಲಿನಕ್ಸ್ ಎಂಬ ಪುಕ್ಕಟೆ ವ್ಯವಸ್ಥೆಯ ಸಿ.ಡಿ. ಕಳಿಸಿದಳು. ಎಲ್ಲ ಚಂದ ಕೂತಿತು, ಮೋಡೆಮ್ ಒಂದು ಬಿಟ್ಟು. ಅಗ್ಗದ ಮೋಡೆಮ್ ಅದು, ಅರ್ಧ ಬುದ್ಧಿ ಹೊತ್ತು ಹುಟ್ಟಿದ್ದು. ಉಳಿದರ್ಧವನ್ನು ಡ್ರೈವರ್ ಎಂಬ ತಂತ್ರಾಂಶ ತುಂಬಬೇಕು. ಡ್ರೈವರ್ ಇರುವುದು ಇಂಟರ್ನೆಟ್ಟಿನಲ್ಲಿ. ಇಂಟರ್ನೆಟ್ ಬೇಕಾದರೆ ಮೋಡೆಮ್ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಆ ದಿನಗಳಲ್ಲಿ ಈ ಗಾದೆಯನ್ನು ಅಪ್ಪನೆದುರು ಆಡುವ ಹಾಗಿರಲಿಲ್ಲ.

ಅಕ್ಕ ಡ್ರೈವರನ್ನು ಇಳಿಸಿ ಫ್ಲಾಪಿಗೆ ತುಂಬಿ, ಖಾಲಿ ಡಬ್ಬಿಯೊಳಗಿಟ್ಟು ಕಳಿಸಿದಳು. ಜಾಣೆಯೇ. ಆದರೆ ಆ ದಿನ ಡಬ್ಬಿಯಲ್ಲಿ ಹೋದದ್ದು ಬದನೆಕಾಯಿ ಎಣ್ಣೆಗಾಯಿ. ಫ್ಲಾಪಿ ಮಸಾಲೆಯಲ್ಲಿ ಮಿಂದು ಬಂತು. ನಾನು ನೋಡುವಷ್ಟರಲ್ಲಿ ಅವ್ವ ಅದನ್ನು ಮುಸುರೆಯ ಜೊತೆ ತಿಕ್ಕಿ ಬಿಸಿಲಿಗೆ ಇಟ್ಟಿದ್ದಳು.

"ಚಲೋ ತೊಳದೇನಿ, ಈಗ ಹಾಕು," ಎಂದಳು.

ಎರಡನೆಯ ಫ್ಲಾಪಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು, ಮಾನದಿಂದ ಬಂತು. ಡ್ರೈವರ್ ಕೂಡಿಸುವಾಗ ನನ್ನ ಬಾಯಿಂದ ಬಂದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಕೊನೆಗೆ ಮೋಡೆಮ್ ಕಣ್ಣು ಬಿಟ್ಟಿತು, ಆದರೆ ನಂಬರು ಒತ್ತಲೊಲ್ಲದು. ಡಯಲ್ ಟೋನ್ ಇಲ್ಲ ಎಂಬುದೊಂದೇ ರಾಗ. ರಿಸೀವರ್ ಎತ್ತಿದರೆ ನನಗೆ ಟೋನ್ ಕೇಳುತ್ತಿದೆ! ಫ್ಲಾಪಿಯಲ್ಲಿದ್ದ ಸೂಚನೆ ಓದಿದಾಗ ಗೊತ್ತಾಯಿತು, ಪರದೇಶದ ಮೋಡೆಮ್‌ಗೆ ನಮ್ಮ ಎಕ್ಸ್‌ಚೇಂಜಿನ ಟೋನು ಟೋನೇ ಅಲ್ಲ. ಆ ಕಡೆಯ ಸದ್ದಿಗೆ ಕಾಯಬೇಡ, ಸುಮ್ಮನೆ ನಂಬರು ಒತ್ತು ಎಂದು ಒಂದು ಆದೇಶ ಬರೆದು ಕೊಡಬೇಕು. ಕೊಟ್ಟೆ. ಅಪ್ಪನಿಗೂ ಇಂಥದ್ದೊಂದು ಬರೆದು ಕೊಡಲು ಬರುತ್ತಿದ್ದರೆ ಎನಿಸಿತು.

ಇಂಟರ್ನೆಟ್‌ನವರ ನಂಬರು ಎಂಗೇಜ್ ಇತ್ತು. ಒತ್ತುವುದು ಖರೆಯೋ ಎಂದು ನೋಡಲು ಯಾರಾದರೂ ಎತ್ತುವ ನಂಬರು ಬೇಕಿತ್ತು, ಅಕ್ಕನ ಸೆಂಟರಿನದನ್ನು ಕೊಟ್ಟೆ. ಅಷ್ಟರಲ್ಲಿ ಅಪ್ಪ ಊಟಕ್ಕೆ ಬಂದು, ನನ್ನ ಬೆನ್ನ ಹಿಂದೆಯೇ ರೊಟ್ಟಿ ಮುರಿಯುತ್ತಿದ್ದದ್ದು ನನಗೆ ಗೊತ್ತೇ ಆಗಲಿಲ್ಲ.

ಮೋಡೆಮ್‌ಗೆ ಒಂದು ಪುಟ್ಟ ಸ್ಪೀಕರ್ ಇರುತ್ತದೆ, ಆ ಕಡೆಯ ಸದ್ದು ಅದರಿಂದ ಕೇಳುತ್ತದೆ. ರಿಂಗ್ ಆಯಿತು. "ಹಲೋ, ಯಾರ್ರಿ?" ಎಂದಿತು ಕಂಪ್ಯೂಟರು, ಥೇಟ್ ಅಕ್ಕನ ದನಿಯಲ್ಲಿ.

ಹಿಂದೆ ರೊಟ್ಟಿ ಮುರಿಯುವ ಸದ್ದು ನಿಂತಿತು.

"ಹಲೋ? ಮನಿ ನಂಬರ್ ಕಾಣಾಕತ್ತೈತಿ. ಯಾರು, ಅವ್ವಾ?" ಸ್ವಲ್ಪ ತಡೆದು, ಸಣ್ಣ ದನಿಯಲ್ಲಿ, "ಅಪ್ಪಾ... ನೀ ಏನು?"

ನಾನಾಗಲಿ ಅವ್ವನಾಗಲಿ ಆಗಿದ್ದರೆ ಅಷ್ಟರಲ್ಲಿ ಊರ ಸುದ್ದಿ ಎಲ್ಲ ಆಗಿರುತ್ತಿತ್ತು. ನಮ್ಮ ಮನೆಯಿಂದ ಫೋನ್ ಮಾಡಿ ಸುಮ್ಮನಿರುವ ಜೀವ ಒಂದೇ ಎಂದು ಅವಳು ಲೆಕ್ಕ ಹಾಕಿದ್ದಳು.

"ಬರೇ ಕುಂಯ್ ಕುಂಯ್ ಅನ್ನಾಕತ್ತೈತಿ. ಮಾತಾಡಪಾ." ಮೋಡೆಮಿನ ಕೂಗು ಅವಳಿಗೆ ಕೆಟ್ಟ ಲೈನಿನ ಸದ್ದಾಗಿ ಕೇಳಿತ್ತು.

ಅಪ್ಪ ಎದ್ದು ಬಂದು, ಕಂಪ್ಯೂಟರಿನ ಪೆಟ್ಟಿಗೆಯ ಮುಂದೆ ಬಗ್ಗಿ, ಸಂತೆಯಲ್ಲಿ ಕೂಗುವಂತೆ ಕೂಗಿದ. "ನಾನವಾ! ಕೇಳಸ್ತೈತೇನು? ನಾನ!"

ಮೋಡೆಮ್ ತನ್ನ ಜಾತಿಯ ಇನ್ನೊಂದು ಮೋಡೆಮ್ ಸಿಗಲಿಲ್ಲವೆಂದು ಲೈನು ಕಡಿದುಕೊಂಡಿತು.

"ಯಾಕ ಬಿಟ್ಲು?" ಅಪ್ಪನ ಮುಖ ಇಳಿದಿತ್ತು.

"ಅಕಿ ಬಿಟ್ಟಿಲ್ಲಪಾ. ಈ ಪೆಟಿಗಿಗೆ ಬಾಯಿ ಐತಿ, ಕಿವಿ ಇಲ್ಲ," ಎಂದೆ.

"ಈ ಮನ್ಯಾಗ ಅಂಥಾವು ಎರಡಾದ್ವು," ಎಂದಳು ಅವ್ವ, ಒಲೆಯ ಮುಂದಿನಿಂದ.

ಅಪ್ಪ ಸೀದಾ ಫೋನಿನ ಬಳಿ ಹೋದ. ರಿಸೀವರ್ ಎತ್ತಿದ. ನಂಬರು ಹೇಳೋಣವೆಂದು ನಾನು ಬಾಯಿ ತೆರೆಯುವಷ್ಟರಲ್ಲಿ, ಯಾರೂ ಹೇಳಿಕೊಡದಿದ್ದ ಆ ನಂಬರನ್ನು ಎಂಜಲು ಕೈಯಲ್ಲೇ ಒತ್ತಿ ಮುಗಿಸಿದ್ದ.

"ನಾನವಾ. ಲೈನ್ ಕೆಟ್ಟಿತ್ತು," ಎಂದು ಹಸಿ ಸುಳ್ಳು ಹೇಳಿದ. ಆಮೇಲೆ, "ಉಂಡಿಯೇನು?" ಎಂದ.

ನನಗೆ ಅಳು ಬಂತು. ಕಣ್ಣು ಒರೆಸಿಕೊಂಡು, ಇಂಟರ್ನೆಟ್ ಹಚ್ಚೋಣವೆಂದು ಕಾದು ಕುಳಿತೆ. ಸಂಜೆಯತನಕ ಹತ್ತಲಿಲ್ಲ, ಅಪ್ಪ ಲೈನು ಖಾಲಿ ಬಿಡಲಿಲ್ಲ.