ಹೊಗೆಯಾಡದ ಬಚ್ಚಲೊಲೆ

ನನ್ನ ಬಾಯ್ಲರ್ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ಎಲ್ಲೋ ಅದು ಸಿಡಿಯುತ್ತದೆ, ಯಾರಿಗೋ ಸುಡುತ್ತದೆ ಎಂದು ನೀವು ಕಾಯುತ್ತಾ ಕೂರುತ್ತೀರಿ. ಅಂಥದ್ದೇನೂ ಆಗಲಿಲ್ಲ. ಆಗಿದ್ದರೆ ಒಳ್ಳೆಯದಿತ್ತು ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ.

ತೊಂಬತ್ತರ ದಶಕದ ನಡುವಿನ ಮಾತು. ಚಿತ್ರದುರ್ಗದಲ್ಲಿ ಹೊಳಲ್ಕೆರೆ ರಸ್ತೆಯ ಬದಿಗೆ ನನ್ನದೊಂದು ವೆಲ್ಡಿಂಗ್ ಶಾಪ್ ಇತ್ತು. ಕಿಟಕಿ ಸರಳು, ಗೇಟು, ಟ್ರೇಲರ್ ರಿಪೇರಿ ಇಂಥವೇ ಕೆಲಸ. ಶಾಪಿನ ಹಿಂದೆಯೇ ಮನೆ. ಮನೆಯಲ್ಲಿ ನಾನು, ಅಕ್ಕ, ಇಬ್ಬರೇ. ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಹಿರಿಯೂರು ಕಡೆಗೆ ಮದುವೆಯಾಗಿ ಹೋಗಿ, ಮೂರೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ವಾಪಸು ಬಂದಿದ್ದಳು. ಅಪ್ಪ ಅಮ್ಮ ಬೇಗ ಹೋದರು. ನನ್ನನ್ನು ಸಾಕಿದವಳು ಅವಳೇ. ನಾನು ಮದುವೆಯಾಗಲಿಲ್ಲ, ಅದಕ್ಕೆ ದೊಡ್ಡ ಕಾರಣವೇನೂ ಇಲ್ಲ. ಎರಡು ಕಡೆ ಹೆಣ್ಣು ನೋಡಿದೆವು, ಕೂಡಿಬರಲಿಲ್ಲ. ಆಮೇಲೆ ಯಾರೂ ಒತ್ತಾಯ ಮಾಡಲಿಲ್ಲ, ನಾನೂ ಸುಮ್ಮನಾದೆ.

ಅಕ್ಕನ ದಿನ ಬಚ್ಚಲೊಲೆಯಿಂದ ಶುರುವಾಗುತ್ತಿತ್ತು. ಮಣ್ಣಿನ ಒಲೆ, ಅದರ ಮೇಲೆ ಗಾರೆಯಲ್ಲಿ ಕೂರಿಸಿದ ತಾಮ್ರದ ಹಂಡೆ. ಉರುವಲು ಶೇಂಗಾ ಹೊಟ್ಟು. ಎಣ್ಣೆ ಮಿಲ್ಲಿನಲ್ಲಿ ಚೀಲಗಟ್ಟಲೆ ಸಿಗುತ್ತಿತ್ತು. ಆದರೆ ಹೊಟ್ಟಿನ ಬೆಂಕಿ ಸೌದೆ ಬೆಂಕಿಯ ಹಾಗಲ್ಲ, ಹಚ್ಚಿಟ್ಟು ಎದ್ದು ಹೋಗುವಂತಿಲ್ಲ. ಮುಂದೆ ಕುಕ್ಕರಗಾಲಲ್ಲಿ ಕೂತು ಹಿಡಿ ಹಿಡಿಯಾಗಿ ಎರಚುತ್ತಲೇ ಇರಬೇಕು. ಒಂದು ಹಿಡಿ ಜಾಸ್ತಿಯಾದರೆ ಬೆಂಕಿ ಉಸಿರುಕಟ್ಟಿ ಬಚ್ಚಲುಮನೆ ತುಂಬಾ ಹೊಗೆ. ಒಂದು ಹಿಡಿ ತಡವಾದರೆ ಆರಿಯೇ ಹೋಗುತ್ತದೆ. ಅಕ್ಕ ಗಂಟೆಗಟ್ಟಲೆ ಹಾಗೆ ಕೂತಿರುತ್ತಿದ್ದಳು. ನಮ್ಮ ಸಾಲಿನ ನಾಲ್ಕೈದು ಮನೆಗಳ ಹೆಂಗಸರು ಬಿಂದಿಗೆ ಹಿಡಿದು ಬಿಸಿನೀರಿಗೆ ಬರುತ್ತಿದ್ದರು, ಬಂದವರು ಒಲೆಯ ಮುಂದೆ ಕೂತು ತಾವೂ ನಾಲ್ಕು ಹಿಡಿ ಹೊಟ್ಟು ಹಾಕಿ ಊರಿನ ಸುದ್ದಿಯೆಲ್ಲ ಹೇಳಿ ಹೋಗುತ್ತಿದ್ದರು. ಅವರೆಲ್ಲ ಹೋದ ಮೇಲೆ ನನ್ನ ಸರದಿ.

"ನೀರು ಕಾದವೆ, ಬಾರೋ. ಇನ್ನೊಂದ್ ಸಲ ಕರೆಯಾಕಿಲ್ಲ ನಾನು" ಅನ್ನುತ್ತಿದ್ದಳು. ಇನ್ನೂ ಮೂರು ಸಲ ಕರೆಯುತ್ತಿದ್ದಳು.

ಅದರ ಜೊತೆಗೆ ಗೊಣಗಾಟವೂ ದಿನಾ ಇದ್ದದ್ದೇ. "ಈ ಹೊಗೆ ಕುಡ್ದು ಕುಡ್ದು ನನ್ ಕಣ್ಣು ಹೋಗ್ತವೆ ಕಣೋ. ಊರಿನೋರ ಗೇಟೆಲ್ಲ ಮಾಡ್ಕೊಡ್ತೀಯ, ಅಕ್ಕನ ಒಲೆ ಕಡೆ ಒಂದಿನ ತಿರುಗಿ ನೋಡಿದೀಯಾ?" ಕಣ್ಣು ಕೆಂಪಗಾಗಿ ನೀರು ಸುರಿಯುತ್ತಿದ್ದದ್ದು ಸುಳ್ಳಲ್ಲ. ಆದರೆ ಅವಳು ಹಾಗೆ ಗೊಣಗುವುದನ್ನು ನಾನು ಅರ್ಜಿ ಅಂತ ತಿಳಿದುಕೊಂಡೆ. ನಮ್ಮ ಕಡೆಯ ಹೆಂಗಸರು ಒಲೆಯನ್ನು ಬೈಯುವುದು, ಸೊಸೆಯನ್ನು ಬೈಯುವುದು, ಬೆಕ್ಕನ್ನು ಬೈಯುವುದು, ಇವೆಲ್ಲ ಮಾತಾಡುವ ಒಂದು ರೀತಿ ಅಷ್ಟೇ. ಅದು ನನಗೆ ಗೊತ್ತಿರಬೇಕಿತ್ತು. ನಲವತ್ತರ ಹತ್ತಿರದ ಗಂಡಸು, ಅಕ್ಕನ ಜೊತೆಯಲ್ಲೇ ಬೆಳೆದವನು, ಅಷ್ಟೂ ತಿಳಿಯಲಿಲ್ಲ ಅಂದರೆ ಏನು ಹೇಳೋಣ.

ಒಲೆಯ ಮುಂದೆ ಯಾರೂ ಕೂರಬೇಕಾಗಿಲ್ಲದಂಥ ಬಾಯ್ಲರ್ ಮಾಡಬೇಕು ಎಂದು ಹಟ ಹಿಡಿದೆ. ಎರಡು ವರ್ಷ ಅದೇ ಗೀಳು. ಒಂದು ಹಳೆಯ ಎಣ್ಣೆ ಡ್ರಮ್ಮು ತಂದು ಅದರ ನಟ್ಟನಡುವೆ ಅಗಲವಾದ ಪೈಪು ಕೂರಿಸಿದೆ. ಕೆಳಗೆ ಬೆಂಕಿ, ನಡುವಿನ ಪೈಪಿನಲ್ಲಿ ಉರಿ ಮೇಲೇರುತ್ತದೆ, ಸುತ್ತಲೂ ನೀರು. ಉರಿ ಸರ್ರನೆ ಚಿಮಣಿಗೆ ಓಡಿಹೋಗದೆ ಸುತ್ತಿಕೊಂಡು ಹೋಗಲಿ ಎಂದು ಪೈಪಿನೊಳಗೆ ತಗಡಿನ ಪಟ್ಟಿಯೊಂದನ್ನು ತಿರುಚಿ ಇಳಿಬಿಟ್ಟೆ. ಇಷ್ಟು ಸುಲಭವಾಗಿಯೇ ಆಯಿತು. ತಲೆ ತಿಂದದ್ದು ಹೊಟ್ಟು. ಅದು ತಾನಾಗಿಯೇ ಸ್ವಲ್ಪ ಸ್ವಲ್ಪವಾಗಿ ಬೆಂಕಿಗೆ ಬೀಳಬೇಕು. ಪಕ್ಕದಲ್ಲಿ ದೊಡ್ಡದೊಂದು ತಗಡಿನ ಆಲಿಕೆ ಮಾಡಿ, ಎಲ್ಲ ಆಲಿಕೆಗಳ ಹಾಗೆ ಮೇಲೆ ಅಗಲ ಕೆಳಗೆ ಸಣ್ಣ ಬಾಯಿ ಇಟ್ಟು ಬೆಸೆದೆ. ಹೊಟ್ಟು ಆ ಬಾಯಿಯಲ್ಲಿ ಒಂದಕ್ಕೊಂದು ತೆಕ್ಕೆಬಿದ್ದು ನಿಂತುಬಿಡುತ್ತಿತ್ತು. ಬಡಿದರೆ ಬೀಳುತ್ತದೆ, ಮತ್ತೆ ನಿಲ್ಲುತ್ತದೆ. ಬಾಯಿ ದೊಡ್ಡದು ಮಾಡಿದರೆ ಒಂದೇ ಸಲ ಧೊಪ್ಪನೆ ಬಿದ್ದು ಬೆಂಕಿ ಆರುತ್ತದೆ. ಏಳು ಆಲಿಕೆ ಮಾಡಿ ಏಳನ್ನೂ ಗುಜರಿಗೆ ಎಸೆದೆ.

ಒಂದು ಮಧ್ಯಾಹ್ನ ಊಟಕ್ಕೆ ಕರೆಯಲು ಶಾಪಿಗೆ ಬಂದ ಅಕ್ಕ, ನಾನು ಆಲಿಕೆಯನ್ನು ಸುತ್ತಿಗೆಯಿಂದ ಕುಟ್ಟುತ್ತಾ ಬೈಯುತ್ತಿದ್ದದ್ದನ್ನು ಸ್ವಲ್ಪ ಹೊತ್ತು ನಿಂತು ನೋಡಿದಳು.

"ಮ್ಯಾಲೆ ಅಗಲ ಮಾಡಿ ಕೆಳಗೆ ಗೋಣು ಹಿಸುಕಿದ್ರೆ ಅದು ಸಿಕ್ಕಾಕ್ಕಳ್ದೆ ಏನ್ ಮಾಡ್ತೈತೆ?" ಅಂದಳು. "ತಿರುವಿ ಹಾಕು. ಮ್ಯಾಲೆ ಸಣ್ಣದು, ಕೆಳಗೆ ಅಗಲ."

ನನಗೆ ಸಿಟ್ಟು ಬಂತು. ಅಡುಗೆಮನೆಯವಳು ವೆಲ್ಡಿಂಗ್ ಶಾಪಿಗೆ ಬಂದು ಪಾಠ ಹೇಳುವುದು! ಊಟ ಮಾಡಿ ಬಂದು, ಅವಳು ಮಲಗಿದ ಮೇಲೆ, ಕದ್ದು ತಿರುವಿ ನೋಡಿದೆ. ಕೆಳಗೆ ಹೋದಂತೆ ಅಗಲವಾಗುವ ದಾರಿಯಲ್ಲಿ ಹೊಟ್ಟಿಗೆ ಆತುಕೊಳ್ಳಲು ಗೋಡೆಯೇ ಸಿಗಲಿಲ್ಲ. ಬೆಂಕಿ ತಿಂದಷ್ಟೇ ಇಳಿಯುತ್ತಾ ಬಂತು. ಮೇಲೆ ಬಿಗಿಯಾದ ಮುಚ್ಚಳ ಹಾಕಿದೆ, ಹೊಗೆ ಹಿಂದಕ್ಕೆ ಬರುವುದೂ ನಿಂತಿತು. ಒಂದು ಸಲ ಹೊಟ್ಟು ತುಂಬಿ ಕಡ್ಡಿ ಗೀರಿದರೆ ಬೆಳಗಿನ ಅಷ್ಟೂ ನೀರು ತಾನೇ ಕಾಯುತ್ತಿತ್ತು. ನಲ್ಲಿ ತಿರುಗಿಸಿದರೆ ಬಿಸಿನೀರು. ಅಕ್ಕನಿಗೆ ಆ ಉಪಾಯಕ್ಕೆ ಒಂದು ಶಾಭಾಸ್ ಕೂಡ ನಾನು ಹೇಳಲಿಲ್ಲ. ನನ್ನ ತಲೆ, ನನ್ನ ಬಾಯ್ಲರ್ ಎಂದೇ ಊರಿಗೆಲ್ಲ ಹೇಳಿಕೊಂಡು ತಿರುಗಿದೆ.

ಹಂಡೆ ಕಿತ್ತು ಬಾಯ್ಲರ್ ಕೂರಿಸಿದ ದಿನ ಅಕ್ಕಪಕ್ಕದವರೆಲ್ಲ ಬಂದರು. ಅಕ್ಕ ನಲ್ಲಿಯ ಕೆಳಗೆ ಕೈಯೊಡ್ಡಿ, "ಚೆನ್ನಾಗೈತೆ ಕಣೋ" ಅಂದಳು. ಮುಖದಲ್ಲಿ ನಿಜವಾಗಿಯೂ ಹೆಮ್ಮೆಯಿತ್ತು. ಆಮೇಲೆ ಮಸಿ ಹಿಡಿದ ಗೋಡೆಗೆ ತಾನೇ ಸುಣ್ಣ ಹೊಡೆದಳು.

ತಿಂಗಳೊಳಗೆ ನಮ್ಮ ಸಾಲಿನ ಎಲ್ಲ ಮನೆಗೂ ಬಾಯ್ಲರ್ ಮಾಡಿಕೊಟ್ಟೆ. ಆಮೇಲೆ ಭರಮಸಾಗರದಿಂದ ಬಂದರು, ಬಿ.ದುರ್ಗದಿಂದ ಬಂದರು. ನನಗೆ ಪುರುಸೊತ್ತಿಲ್ಲ. ಮನೆಯಲ್ಲಿ ಏನಾಗುತ್ತಿದೆ ಎಂದು ನೋಡುವಷ್ಟು ತಾಳ್ಮೆಯೂ ಇರಲಿಲ್ಲ. ಅಕ್ಕ ಮಾತ್ರ ಹಳೆಯ ಅಭ್ಯಾಸದಂತೆ ನಸುಕಿಗೇ ಏಳುತ್ತಿದ್ದಳು. ಎದ್ದು ಕಡ್ಡಿ ಗೀರಿದರೆ ಅವಳ ಕೆಲಸ ಮುಗಿಯಿತು. ಹೊಸ್ತಿಲ ಮೇಲೆ ಕೂತಿರುತ್ತಿದ್ದಳು. ಬಿಂದಿಗೆ ಹಿಡಿದು ಯಾರೂ ಬರುತ್ತಿರಲಿಲ್ಲ; ಎಲ್ಲರ ಮನೆಯಲ್ಲೂ ಈಗ ನಲ್ಲಿಯಿತ್ತು. ನನ್ನನ್ನು ಕರೆಯುವ ಅಗತ್ಯವೂ ಇಲ್ಲ, ನಾನು ಎದ್ದಾಗ ನೀರು ಇದ್ದೇ ಇರುತ್ತಿತ್ತು. ಗೊಣಗಾಟ ನಿಂತಿತು. ಅಬ್ಬಾ, ಮನೆ ತಣ್ಣಗಾಯಿತು ಎಂದು ನಾನು ಸಂತೋಷಪಟ್ಟೆ. ಆ ಮಾತು ನೆನೆದರೆ ಈಗ ನಾಚಿಕೆಯಾಗುತ್ತದೆ.

ಆ ವರ್ಷ ಕಾರ್ತೀಕದಲ್ಲಿ ಹೊಸದುರ್ಗದಿಂದ ನಮ್ಮ ಚಿಕ್ಕಮ್ಮನ ಮಗಳು ಹೇಳಿಕಳಿಸಿದಳು. ಅವಳ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ, ಬಾಣಂತಿಗೆ ನೀರು ಹಾಕಲು ತಿಳಿದವರು ಯಾರೂ ಇಲ್ಲ, ಅಕ್ಕನನ್ನು ಕಳಿಸು ಎಂದು. ಬಾಣಂತಿಗೆ ನೀರು ಹಾಕುವುದು ಎಲ್ಲರಿಗೂ ಬರುವ ಕೆಲಸವಲ್ಲ. ಮೈ ಸುಡಬಾರದು, ಆದರೆ ಮೂಳೆಗೆ ತಾಕುವಷ್ಟು ಕಾವಿರಬೇಕು. ಎಣ್ಣೆ ತಿಕ್ಕಿ, ಸೊಂಟದ ಮೇಲೆ ಚೊಂಬಿನಿಂದ ರಪ್ಪೆಂದು ಬಾರಿಸುವ ಹಾಗೆ ನೀರು ಹೊಡೆಯಬೇಕು. ಆಮೇಲೆ ಕಾಲು ಚಾಚಿ ಕೂತು ಮೊಣಕಾಲ ಕೆಳಗೆ ಕೂಸನ್ನು ಮಲಗಿಸಿಕೊಂಡು ಮೀಯಿಸಬೇಕು. ಅಕ್ಕನಿಗೆ ಇದೆಲ್ಲ ನಮ್ಮ ಅಜ್ಜಿಯಿಂದ ಬಂದಿತ್ತು. "ಮೂರು ತಿಂಗಳು ಅಷ್ಟೇ, ಬಂದ್ಬಿಡ್ತೀನಿ" ಎಂದು ಚೀಲ ಹಿಡಿದು ಹೊರಟಳು. ನಾನೇ ಬಸ್ಸು ಹತ್ತಿಸಿ ಬಂದೆ.

ಮೂರು ತಿಂಗಳು ಆರಾಯಿತು. ಆ ಬಾಣಂತಿ ಎದ್ದಳು, ಪಕ್ಕದ ಮನೆಯಲ್ಲಿ ಇನ್ನೊಬ್ಬಳು ಮಲಗಿದಳು. ಆಮೇಲೆ ಮಾಡದಕೆರೆಯಿಂದ ಯಾರೋ ಬಂದು ಕರೆದುಕೊಂಡು ಹೋದರಂತೆ, ಅಲ್ಲಿಂದ ಮತ್ತೆ ಚಿಕ್ಕಮ್ಮನ ಮಗಳ ಮನೆಗೇ ಬಂದಳಂತೆ. ಫೋನ್ ಬೂತಿನಿಂದ ಮಾತಾಡುವಾಗ ಅಕ್ಕನ ದನಿ ಗಟ್ಟಿಯಾಗಿರುತ್ತಿತ್ತು. ಹಿಂದಿನಂತೆ ಗೊಣಗುತ್ತಿದ್ದಳು. "ಇಲ್ಲಿನ ಮಟ್ಟೆ ಒಲೆ ಹೊಗೆ ನಿನ್ ಹೊಟ್ಟಿನ ಹೊಗೆಗಿಂತ ದರಿದ್ರ ಕಣೋ" ಅನ್ನುತ್ತಿದ್ದಳು. ಹೊಸದುರ್ಗದ ಕಡೆ ತೆಂಗಿನ ಮಟ್ಟೆಯೇ ಉರುವಲು.

ನಾನು ಒಬ್ಬನೇ ಉಳಿದೆ. ಕಡ್ಡಿ ಗೀರುವುದು, ಹಲ್ಲುಜ್ಜುವುದು, ಸ್ನಾನ. ಇಡೀ ಸಾಲಿಗೆ ಆಗುವಷ್ಟು ಬಿಸಿನೀರು ಒಬ್ಬನಿಗೆ. ಬೆನ್ನಿಗೆ ಕೈ ಎಟುಕುವುದಿಲ್ಲ, ತಿಕ್ಕಲು ಯಾರೂ ಇಲ್ಲ. ಬಾಯ್ಲರ್ ಒಂದು ಸದ್ದೂ ಮಾಡುತ್ತಿರಲಿಲ್ಲ, ಅಷ್ಟು ಚೆನ್ನಾಗಿ ಮಾಡಿದ್ದೆ. ಹೋಟೆಲಿನಲ್ಲಿ ಇಡ್ಲಿ ತಿಂದು ಶಾಪಿನ ಬಾಗಿಲು ತೆಗೆದರೆ, ಮೊದಲ ಗಿರಾಕಿ ಬರುವವರೆಗೆ ನನ್ನ ದನಿಯೇ ನನಗೆ ಕೇಳಿಸಿರುತ್ತಿರಲಿಲ್ಲ. ನನಗೆ ಅಕ್ಕ ಬೇಕಾಗಿದ್ದಳು. ಬಟ್ಟೆ ಒಗೆಯಲಿಕ್ಕಲ್ಲ, ಅನ್ನ ಬೇಯಿಸಲಿಕ್ಕಲ್ಲ. ಮನೆಯಲ್ಲಿ ಅವಳು ಇರಬೇಕಿತ್ತು, ಅಷ್ಟೇ. ಅದನ್ನು ಫೋನಿನಲ್ಲಿ ಹೇಳಲು ನಾಲಿಗೆ ಏಳುತ್ತಿರಲಿಲ್ಲ. "ಮತ್ತೇನು ಸಮಾಚಾರ" ಎಂದು ಕೇಳಿ ಇಟ್ಟುಬಿಡುತ್ತಿದ್ದೆ.

ಒಂದು ಭಾನುವಾರ ಶಾಪಿಗೆ ಬೀಗ ಹಾಕಿ ಹೊಸದುರ್ಗದ ಬಸ್ಸು ಹತ್ತಿದೆ. ಕರೆದುಕೊಂಡೇ ಬರುವುದು ಎಂದು ತೀರ್ಮಾನವಾಗಿತ್ತು. ಹೊಳಲ್ಕೆರೆ ದಾಟುವಷ್ಟರಲ್ಲಿ ಏನು ಹೇಳಬೇಕು ಎಂಬುದೂ ಹೊಳೆಯಿತು.

ಚಿಕ್ಕಮ್ಮನ ಮಗಳ ಗಂಡ, ನಾನು ಭಾವ ಅನ್ನುತ್ತಿದ್ದವರು, ಜಗುಲಿಯಲ್ಲೇ ಸಿಕ್ಕರು. "ಬರ್ರಿ ಬರ್ರಿ, ಕುಂತ್ಕಳ್ರಿ. ನಿಮ್ಮುನ್ನೇ ನೆನೆಸ್ಕಂತಿದ್ವಿ. ನಮಗೂ ಒಂದು ಬಾಯ್ಲರ್ ಮಾಡ್ಕೊಡ್ರಿ" ಅಂದರು. ಅಕ್ಕ ಒಳಗಿನಿಂದ ನೀರು ತಂದು ಕೊಟ್ಟು, ನನ್ನನ್ನು ಮೇಲೆ ಕೆಳಗೆ ನೋಡಿ, "ಸೊರಗಿದೀಯಲ್ಲೋ" ಅಂದಳು.

ನಾನು ಬಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದ ಮಾತನ್ನು ಬಿಚ್ಚಿದೆ. "ಬಾಯ್ಲರ್ ಕೆಟ್ಟೋಗೈತೆ ಅಕ್ಕ. ತಳ ತೂತು ಬಿದ್ದೈತೆ. ಮತ್ತೆ ಹಂಡೆ ಕೂರ್ಸಿದೀನಿ. ಹೊಟ್ಟು ಹಾಕೋರು ಯಾರೂ ಇಲ್ಲ, ತಣ್ಣೀರಲ್ಲೇ ಮೈ ತೊಳ್ಕಂತಿದೀನಿ."

ಭಾವನ ಮುಖ ಸಣ್ಣಗಾಯಿತು. "ಓ, ಹಂಗಾರೆ ಬಾಯ್ಲರ್ ಸುದ್ದಿ ಬ್ಯಾಡ ಬಿಡ್ರಿ" ಅಂದರು.

ಅಕ್ಕ ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಭಾವನ ಕಡೆ ತಿರುಗಿ, "ಮಾಡಿಸ್ಕಳ್ರಿ. ಇವ್ನು ಮಾಡಿದ್ ಬಾಯ್ಲರ್ ತೂತು ಬೀಳಾಕಿಲ್ಲ. ದಪ್ಪ ತಗಡು ಹಾಕಿದಾನೆ, ನಾನೇ ನೋಡಿದೀನಿ" ಅಂದಳು. ನನ್ನ ಕೆಲಸದ ಬಗ್ಗೆ ಅಷ್ಟು ನಂಬಿಕೆಯಿಂದ ಮಾತಾಡಿದವರನ್ನು ನಾನು ಬೇರೆ ಕಂಡಿಲ್ಲ. ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು.

ಬಚ್ಚಲುಮನೆ ತೋರಿಸುತ್ತೇನೆ ಎಂದು ಅಕ್ಕ ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋದಳು. ಇಬ್ಬರೇ ಆದೆವು. ಒಲೆಯಲ್ಲಿ ಮಟ್ಟೆ ಇನ್ನೂ ಹೊಗೆಯಾಡುತ್ತಿತ್ತು. ಅವಳ ಕಣ್ಣು ಮೊದಲಿಗಿಂತ ಕೆಂಪಗಿತ್ತು.

"ಯಾಕೋ ಸುಳ್ಳು ಹೇಳಿದೆ?" ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನೀನು ಬಾ ಅಂದಿದ್ರೆ ಬರ್ತಿರ್ಲಿಲ್ವಾ? ಇಲ್ಲಿ ಮೂರು ಹೊತ್ತೂ ಜನ ಅಕ್ಕ ಬೇಕು, ಅಕ್ಕ ಬೇಕು ಅಂತಾರೆ. ನೀನು ಬಂದಿರೋದು ಹಂಡೆಗೆ ಹೊಟ್ಟು ಹಾಕೋರು ಬೇಕು ಅಂತ. ನಿಂಗೆ ನಾನು ಬೇಕೇನೋ? ಬೇಕಾದ್ರೆ ಬಾಯ್ಬಿಟ್ಟು ಹೇಳು. ಈಗ್ಲೇ ಚೀಲ ತಗಂಡು ಬತ್ತೀನಿ."

ಅವಳು ಕಾದಳು. ಗಂಟಲವರೆಗೆ ಬಂದ ಮಾತು ಅಲ್ಲೇ ತೆಕ್ಕೆಬಿದ್ದು ನಿಂತಿತು. ಕಣ್ಣು ತುಂಬಿಕೊಂಡಿತ್ತು, ಹೊಗೆಗೆ ಅಂದುಕೊಂಡಾಳು ಎಂದು ಧೈರ್ಯ ಮಾಡಿಕೊಂಡೆ. ಜೇಬಿನಿಂದ ಅಳತೆ ಟೇಪು ತೆಗೆದು, "ಮಟ್ಟೆಗೆ ಆಲಿಕೆ ಆಗಲ್ಲ ಅಕ್ಕ. ಒಲೆ ಬಾಗಿಲು ಅಗಲ ಇಡಬೇಕು. ಗೋಡೆ ಎಷ್ಟೈತೆ ನೋಡಾಣ" ಅಂದೆ.

ಅಕ್ಕ ಇನ್ನೊಂದು ಸಲ ಕೇಳಲಿಲ್ಲ. ಟೇಪಿನ ತುದಿ ಹಿಡಿದುಕೊಂಡು ಆ ಮೂಲೆಗೆ ಹೋಗಿ ಗೋಡೆಗೆ ಒತ್ತಿ ನಿಂತಳು. ನಾನು ಈ ಮೂಲೆಯಲ್ಲಿ ನಿಂತು ಅಳತೆ ಬರೆದುಕೊಂಡೆ.

ಎರಡು ವಾರಕ್ಕೆ ಬಾಯ್ಲರ್ ಮಾಡಿ, ಟೆಂಪೋದಲ್ಲಿ ಒಯ್ದು ಕೂರಿಸಿ ಬಂದೆ. ಒಂದು ಚೂರೂ ಹೊಗೆಯಿಲ್ಲ. ಅಕ್ಕ ಅಲ್ಲೇ ಉಳಿದಳು.